ಟಿ.ವಿ.ಯಲ್ಲಿ ಕತ್ತಲ ದೃಶ್ಯ: ಮೊದಲು ಸೆಟ್ಟಿಂಗ್ ಸರಿಪಡಿಸಿ

ಮಾನ್ಯರೇ,

ಹಾರರ್ ಅಥವಾ ಸೈನ್ಸ್ ಫಿಕ್ಷನ್ ಚಿತ್ರವೊಂದು ಒಟಿಟಿಗೆ ಬಂದಾಗಲೆಲ್ಲ ಎರಡು ದೂರು ತಪ್ಪದೆ ಕೇಳಿಬರುತ್ತವೆ. ‘ಬರೀ ಕತ್ತಲು, ಏನೂ ಕಾಣಲ್ಲ’ ಎಂಬುದು ಒಂದು. ‘ಮಾತು ಕೇಳಲ್ಲ, ಕಿರುಚಾಟ ಮಾತ್ರ ಕಿವಿಗೆ ಬಡಿಯುತ್ತೆ’ ಎಂಬುದು ಇನ್ನೊಂದು. ದೂರು ಸುಳ್ಳಲ್ಲ. ಆದರೆ ಹೆಚ್ಚಿನ ಸಲ ತಪ್ಪು ಛಾಯಾಗ್ರಾಹಕರದಲ್ಲ, ಹಾಲ್‌ನಲ್ಲಿರುವ ಟಿ.ವಿ.ಯದು. ರಿಮೋಟ್ ಹಿಡಿದು ಹತ್ತು ನಿಮಿಷ ಕೂತರೆ ಬಹುಪಾಲು ಸರಿಹೋಗುತ್ತದೆ.

ರಾಬರ್ಟ್ ಎಗ್ಗರ್ಸ್ ನಿರ್ದೇಶನದ 2024ರ ಹಾರರ್ ಚಿತ್ರ ‘ನೊಸ್ಫೆರಾಟು’ವನ್ನೇ ತೆಗೆದುಕೊಳ್ಳಿ. ಛಾಯಾಗ್ರಾಹಕ ಜಾರಿನ್ ಬ್ಲಾಷ್ಕೆ ಅದನ್ನು 35 ಎಂ.ಎಂ. ಫಿಲ್ಮಿನಲ್ಲಿ ತೆಗೆದಿದ್ದಾರೆ. ಬೆಳದಿಂಗಳಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುವುದಿಲ್ಲವಲ್ಲ, ಅದಕ್ಕೆಂದೇ ಕೆಂಪು ಬೆಳಕನ್ನು ತಡೆಯುವ ಫಿಲ್ಟರ್ ಬಳಸಿ ರಾತ್ರಿಯನ್ನು ಬಹುತೇಕ ಬಣ್ಣವಿಲ್ಲದಂತೆ ಹಿಡಿದಿದ್ದಾರೆ. ಮನೆಯೊಳಗಿನ ದೃಶ್ಯಗಳಲ್ಲಿ ಮೇಣದಬತ್ತಿಯ ಹೊಂಬಣ್ಣ. ಇದೇ ಚಿತ್ರವನ್ನು ಟಿ.ವಿ.ಯ ‘ವಿವಿಡ್’ ಮೋಡ್‌ನಲ್ಲಿ ಹಾಕಿದರೆ ರಾತ್ರಿಯೆಲ್ಲ ನೀಲಿಗೆ ತಿರುಗುತ್ತದೆ, ದೀಪದ ಬೆಳಕು ಬಿಳಚಿಕೊಳ್ಳುತ್ತದೆ. ದೃಶ್ಯಕ್ಕೆ ತಕ್ಕಂತೆ ಕಪ್ಪು–ಬಿಳುಪಿನ ಅಂತರವನ್ನು ತಾನೇ ಹೆಚ್ಚಿಸುವ ‘ಡೈನಾಮಿಕ್ ಕಾಂಟ್ರಾಸ್ಟ್’ ಆನ್ ಇದ್ದರಂತೂ ಮೂಲೆಯಲ್ಲಿ ಅರೆಬರೆ ಕಾಣಬೇಕಾದ ಆಕೃತಿ ಕಪ್ಪಿನಲ್ಲೇ ಕರಗಿಹೋಗುತ್ತದೆ. ಹೆದರಿಕೆ ಇರುವುದೇ ಆ ಅರೆಬರೆ ಕಾಣುವುದರಲ್ಲಿ!

ಆದ್ದರಿಂದ ಮೊದಲ ಕೆಲಸ, ಪಿಕ್ಚರ್ ಮೋಡನ್ನು, ಚಿತ್ರವನ್ನು ನಿರ್ದೇಶಕರು ಬಯಸಿದಂತೆಯೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ಗೆ ಬದಲಿಸುವುದು. 2019ರಲ್ಲಿ ಟಿ.ವಿ. ಕಂಪನಿಗಳು, ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ ಪ್ರಕಟಿಸಿದ ಈ ಮೋಡ್ ಹಳೆಯ ಸೆಟ್‌ಗಳಲ್ಲಿ ಇರುವುದಿಲ್ಲ. ಅಲ್ಲಿ ‘ಸಿನಿಮಾ’ ಅಥವಾ ‘ಮೂವಿ’ ಸಾಕು. ಚಿತ್ರ ಓಡುತ್ತಿರುವಾಗಲೇ ಬದಲಿಸಬೇಕು, ಏಕೆಂದರೆ ಎಚ್‌ಡಿಆರ್ (ಕತ್ತಲು–ಬೆಳಕಿನ ಹರವು ಹೆಚ್ಚಿರುವ) ಚಿತ್ರಕ್ಕೂ ಸಾಮಾನ್ಯ ಚಿತ್ರಕ್ಕೂ ಅನೇಕ ಟಿ.ವಿ.ಗಳು ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಮೊದಲಿಗೆ ಹಳದಿ ಹಳದಿ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ, ವಾಪಸ್ ಹೋಗಬೇಡಿ. ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ‘ಇಕೋ’ ಅಥವಾ ‘ಪವರ್ ಸೇವಿಂಗ್’ ಆಯ್ಕೆಯನ್ನೂ ಆಫ್ ಮಾಡಿ.

ಜನ ಎಡವುವುದು ‘ಬ್ರೈಟ್‌ನೆಸ್’ನಲ್ಲಿ. ಅನೇಕ ಸೆಟ್‌ಗಳಲ್ಲಿ ಇದು ಬೆಳಕನ್ನು ಹೆಚ್ಚಿಸುವುದಿಲ್ಲ, ಕಪ್ಪಿನ ಮಟ್ಟವನ್ನು ಮೇಲೆತ್ತುತ್ತದೆ ಅಷ್ಟೆ. ಪರದೆಯ ಬೆಳಕು ಇರುವುದು ‘ಬ್ಯಾಕ್‌ಲೈಟ್’ನಲ್ಲಿ. ಕೆಲವು ಕಂಪನಿಗಳಲ್ಲಿ ಹೆಸರುಗಳು ಅದಲುಬದಲು. ಹಾಗಾಗಿ ಹೆಸರನ್ನು ನಂಬದೆ, ಚಿತ್ರದ ಮೇಲೆ ಕೆಳಗೆ ಇರುವ ಕಪ್ಪು ಪಟ್ಟಿಗಳನ್ನು ನೋಡಿ. ಅವು ಬೂದಿ ಬಣ್ಣಕ್ಕೆ ತಿರುಗಿದರೆ ಹೆಚ್ಚಿಸಿದ್ದು ತಪ್ಪು ಆಯ್ಕೆಯನ್ನು. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದರೆ ಇನ್ನೊಂದು ಎಚ್ಚರಿಕೆ: ಅದು ಕಪ್ಪನ್ನು 0, ಬಿಳಿಯನ್ನು 255 ಎಂದು ಎಣಿಸುವ ‘ಫುಲ್’ ಸಿಗ್ನಲ್ ಕಳಿಸುತ್ತಿದ್ದು ಟಿ.ವಿ. 16–235ರ ‘ಲಿಮಿಟೆಡ್’ ಎಂದು ತಿಳಿದರೆ, 16ರ ಕೆಳಗಿನ ವಿವರವೆಲ್ಲ ಕಪ್ಪಾಗಿಬಿಡುತ್ತದೆ. ಎರಡೂ ಕಡೆ ಒಂದೇ ಆಯ್ಕೆ ಇರಲಿ.

ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಮಧ್ಯೆ ಇಲ್ಲದ ಫ್ರೇಮುಗಳನ್ನು ಟಿ.ವಿ. ತಾನೇ ಹುಟ್ಟಿಸಿ ಸೇರಿಸಿದಾಗ ಬಾಹ್ಯಾಕಾಶ ನೌಕೆ ಧಾರಾವಾಹಿಯ ಸೆಟ್‌ನಂತೆ ಕಾಣುತ್ತದೆ, ಪ್ರಾಣಿಯ ರಬ್ಬರ್ ಚರ್ಮ ಬಯಲಾಗುತ್ತದೆ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’ ಎಂಬ ಹೆಸರಿನಲ್ಲಿರುವುದು ಇದೇ. ಆಫ್ ಮಾಡಿ.

ಎಲ್ಲ ಸರಿಯಿದ್ದೂ ಮಂಜು, ಹೊಗೆಯ ದೃಶ್ಯದಲ್ಲಿ ಉಂಗುರದಂಥ ಪಟ್ಟೆಗಳು, ಚೌಕಗಳು ಕಂಡರೆ ಅದು ಸ್ಟ್ರೀಮಿಂಗ್‌ನ ಸಮಸ್ಯೆ. ಕಡಿಮೆ ಡೇಟಾದಲ್ಲಿ ಕುಗ್ಗಿಸುವಾಗ ಮೊದಲು ಬಲಿಯಾಗುವುದು ಕತ್ತಲ ಭಾಗದ ಸೂಕ್ಷ್ಮ ಛಾಯೆಗಳೇ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತಿಗೆ ಜಗತ್ತಿನಾದ್ಯಂತ ಬಂದ ಟೀಕೆಯ ಹಿಂದೆ ಇದೂ ಇತ್ತು. ನಮ್ಮಲ್ಲಿ ಅದು ಬಂದದ್ದು ಬೆಳಗಿನ ಹೊತ್ತು, ಕಿಟಕಿಯ ಬಿಸಿಲು ಪರದೆಗೆ ಬೀಳುವಾಗ! 4ಕೆಗೆ 15 ಎಂಬಿಪಿಎಸ್, 1080ಪಿಗೆ 5 ಎಂಬಿಪಿಎಸ್ ವೇಗ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಕಡಿಮೆ ದರದ ಮೊಬೈಲ್ ಪ್ಲಾನ್‌ನಲ್ಲಿ ಸಿಗುವುದು 480ಪಿ ಮಾತ್ರ. ಅಷ್ಟರಲ್ಲಿ ನೋಡಿ ಛಾಯಾಗ್ರಹಣಕ್ಕೆ ಅಂಕ ಕೊಡುವುದು ಅನ್ಯಾಯ.

ಇನ್ನು ಧ್ವನಿ. ಐದು ಸ್ಪೀಕರ್ ಮತ್ತು ಒಂದು ತಗ್ಗು ಸದ್ದಿನ ಚಾನೆಲ್ಲಿಗೆ ಹಂಚಿದ ‘5.1’ ಮಿಶ್ರಣದಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನದು. ಟಿ.ವಿ.ಯ ಎರಡೇ ಸ್ಪೀಕರಿಗೆ ಅದನ್ನು ಇಳಿಸಿದಾಗ ಮಾತು, ಸಂಗೀತ, ಸದ್ದು ಒಂದರ ಮೇಲೊಂದು ಬೀಳುತ್ತವೆ. ‘.1’ ಎಂಬ ತಗ್ಗು ಸದ್ದಿನ ಚಾನೆಲ್ಲನ್ನು ಇಳಿಸುವಾಗ ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಭೂತ ಬರುವ ಮೊದಲು ಎದೆಯಲ್ಲಿ ಗುಡುಗುವ ಆ ಕಂಪನವೇ ಇಲ್ಲವಾಗುತ್ತದೆ. ಬೇರೆ ಸ್ಪೀಕರ್ ಇಲ್ಲದವರು ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ ‘5.1’ ಬಿಟ್ಟು ಸ್ಟೀರಿಯೊ ಇದ್ದರೆ ಅದನ್ನು ಆರಿಸಿ. ‘ನೈಟ್ ಮೋಡ್’ ಪಿಸುಮಾತನ್ನು ಏರಿಸಿ ಕಿರುಚಾಟವನ್ನು ಇಳಿಸುತ್ತದೆ, ಮಕ್ಕಳು ಮಲಗಿದ ಮೇಲೆ ಅನುಕೂಲ. ಆದರೆ 2018ರ ‘ಎ ಕ್ವೈಟ್ ಪ್ಲೇಸ್’ನಂಥ ಚಿತ್ರಕ್ಕೆ ಅದನ್ನು ಬಳಸಬೇಡಿ. ಕಿವಿ ಕೇಳದ ಹುಡುಗಿಯ ಶ್ರವಣ ಯಂತ್ರ ನಿಂತಾಗ ಅಲ್ಲಿ ಸದ್ದು ಪೂರ್ತಿ ಕತ್ತರಿಸಿಹೋಗುತ್ತದೆ. ಸಾಧಾರಣ ಹೆಡ್‌ಫೋನ್ ಹಾಕಿಕೊಂಡರೂ ಆ ಮೌನ ಸಿಗುತ್ತದೆ, ಫ್ಯಾನ್ ತಿರುಗುವ ಕೋಣೆಯಲ್ಲಿ ಟಿ.ವಿ. ಸ್ಪೀಕರಿನಿಂದ ಸಿಗದು.

ತಮ್ಮ ಪತ್ರಿಕೆಗೆ ಒಂದು ವಿನಂತಿ. ಒಟಿಟಿ ಚಿತ್ರಗಳ ವಿಮರ್ಶೆಯ ಕೊನೆಗೆ ಎರಡು ಸಾಲು ಸೇರಿಸಿ: ವಿಮರ್ಶಕರು ನೋಡಿದ್ದು ಥಿಯೇಟರಿನಲ್ಲೋ ಟಿ.ವಿ.ಯಲ್ಲೋ ಮೊಬೈಲಿನಲ್ಲೋ, ಮತ್ತು ಚಿತ್ರಕ್ಕೆ ಕತ್ತಲ ಕೋಣೆ, ಹೆಡ್‌ಫೋನ್ ಬೇಕೋ ಬೇಡವೋ. ‘ಕಾಂತಾರ’ದ ರಾತ್ರಿ ದೃಶ್ಯಗಳನ್ನು, ದೈವದ ಆ ಕೂಗನ್ನು ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ಮೊದಲ ಸಲ ನೋಡಲು ಕೂತವರಿಗೆ ಈ ಎರಡು ಸಾಲು ಮೊದಲೇ ಸಿಕ್ಕಿದ್ದರೆ ಎದ್ದು ದೀಪವನ್ನಾದರೂ ಆರಿಸುತ್ತಿದ್ದರು.

– ಓದುಗ, ಮೈಸೂರು