ಏಳನೇ ಕ್ಲಾಸಿನ ಮೆಡಲ್ ಎಲ್ಲಿ ಬರೆಯೋದು?

ಎಡಿಸನ್, ನ್ಯೂಜೆರ್ಸಿ
ಫೆಬ್ರವರಿ ಕೊನೆಯ ಭಾನುವಾರ

ಚಿ. ಸೌ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನೆ ರಾತ್ರಿ ಮತ್ತೆ ಹಿಮ ಬಿತ್ತು. ಬೆಳಿಗ್ಗೆ ಎದ್ದು ಅದನ್ನೆಲ್ಲ ಎತ್ತಿ ಹಾಕಿ ಈಗ ಸೊಂಟ ಹಿಡಿದುಕೊಂಡು ಕೂತಿದ್ದೇನೆ. ನಿನ್ನ ಅತ್ತೆ ಬಿಸಿನೀರಿನ ಚೀಲ ಕೊಟ್ಟು, "ಆ ಹುಡುಗಿಗೆ ಪತ್ರ ಬರೀತೀನಿ ಅಂತಿದ್ರಲ್ಲ, ಈಗಲಾದ್ರೂ ಬರೀರಿ" ಅಂದಳು.

ಮೊನ್ನೆ ನೀನು ಫೋನಿನಲ್ಲಿ ಅತ್ತಿದ್ದು ತಲೆಯಲ್ಲೇ ಕೂತಿದೆ. ನಿನ್ನ ಮಗ ಮರಿ, ಮಿಡ್ಲ್ ಸ್ಕೂಲ್ (ಆರರಿಂದ ಎಂಟನೇ ಕ್ಲಾಸು) ಮಕ್ಕಳ ಗಣಿತ ಸ್ಪರ್ಧೆ ಮ್ಯಾತ್‌ಕೌಂಟ್ಸ್‌ನ ಚಾಪ್ಟರ್ ಸುತ್ತಿನಲ್ಲಿ, ಅಂದರೆ ಸ್ಥಳೀಯ ಮಟ್ಟದಲ್ಲಿ, ಚೆನ್ನಾಗಿಯೇ ಮಾಡಿದ್ದಾನೆ, ಸ್ಟೇಟ್‌ಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿದೆ. ನೀನು ಕೇಳಿದ್ದು ಇಷ್ಟು: "ಮಾವ, ಏಳನೇ ಕ್ಲಾಸಲ್ಲೇ ಹೀಗಾದ್ರೆ ಮುಂದೆ ಒಳ್ಳೇ ಕಾಲೇಜು ಸಿಗುತ್ತಾ?" ನಾನು "ಏನೂ ಆಗಲ್ಲ ಬಿಡು" ಅಂದುಬಿಟ್ಟೆ. ಆ ಮಾತಿನಿಂದ ನಿನಗೆ ಸಮಾಧಾನ ಆಗಲಿಲ್ಲ ಅಂತ ನಿನ್ನ "ಹೂಂ" ಕೇಳಿದಾಗಲೇ ಗೊತ್ತಾಯಿತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಕಥೆ ಕೇಳು. 2017ರ ಅಕ್ಟೋಬರ್. ದೊಡ್ಡವನು ಹನ್ನೆರಡನೇ ಕ್ಲಾಸು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಮನ್ ಆಪ್, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿ, ತುಂಬುತ್ತಿದ್ದ. ನಾನು ಗ್ಯಾರೇಜಿಗೆ ಹೋಗಿ, ಧೂಳು ಹಿಡಿದ ರಟ್ಟಿನ ಡಬ್ಬ ಹೊತ್ತು ತಂದೆ. ಅದರಲ್ಲಿ ಅವನ ಮಿಡ್ಲ್ ಸ್ಕೂಲಿನ ಸಂಪತ್ತೆಲ್ಲ ಇತ್ತು. ಎರಡು ವರ್ಷದ ಸ್ಟೇಟ್ ಬ್ಯಾಡ್ಜು, ನಾರ್ತ್ ಸೌತ್ ಫೌಂಡೇಶನ್ನಿನ ಸರ್ಟಿಫಿಕೇಟು, ಸೈನ್ಸ್ ಒಲಿಂಪಿಯಾಡಿನ ನಾಲ್ಕು ಮೆಡಲ್ಲು. "ಒಂದೊಂದಾಗಿ ಓದ್ತೀನಿ, ನೀನು ಟೈಪ್ ಮಾಡು" ಅಂದೆ. ಬಹುಮಾನಗಳ ಭಾಗ ತೆರೆದ. ಅಲ್ಲಿ ಐದಕ್ಕೆ ಮಾತ್ರ ಜಾಗ. ಪಕ್ಕದಲ್ಲಿ ಯಾವ ಕ್ಲಾಸಿನಲ್ಲಿ ಬಂದದ್ದು ಅಂತ ಗುರುತು ಹಾಕಬೇಕು. 9, 10, 11, 12. ಹೈಸ್ಕೂಲ್ ಮುಗಿಸಿ ಒಂದು ವರ್ಷ ಹೆಚ್ಚಿಗೆ ಓದಿದವರಿಗೆ ಇನ್ನೊಂದು ಮನೆ. ಅಷ್ಟೇ.

"8 ಎಲ್ಲೋ?" ಅಂದೆ.

"ಇಲ್ಲ ಅಪ್ಪ."

"ಸರಿಯಾಗಿ ನೋಡೋ, ಕೆಳಗಡೆ ಇರಬೇಕು."

ಅವನು ಕೆಳಗೆ ಮೇಲೆ ಮಾಡಿ ತೋರಿಸಿದ. ಚಟುವಟಿಕೆಗಳ ಭಾಗದಲ್ಲೂ ಅದೇ ಕಥೆ. ಹತ್ತು ಚಟುವಟಿಕೆ, ಒಂದೊಂದರ ವಿವರಕ್ಕೆ 150 ಅಕ್ಷರ, ಅಲ್ಲೂ ಒಂಬತ್ತರಿಂದಲೇ ಲೆಕ್ಕ. ನಾನು ಡಬ್ಬ ಮುಚ್ಚಿದೆ. ಮೂರು ವರ್ಷದ ಶನಿವಾರಗಳು ಆ ಡಬ್ಬದಲ್ಲಿದ್ದವು ಪುಟ್ಟಿ. ಬೆಳಿಗ್ಗೆ ಆರಕ್ಕೆ ಎದ್ದು, ಅವಲಕ್ಕಿ ಡಬ್ಬಿಗೆ ತುಂಬಿಕೊಂಡು, ಎರಡು ಗಂಟೆ ಕಾರು ಓಡಿಸಿ ಹೋದ ಶನಿವಾರಗಳು.

ಆದ್ದರಿಂದ ನಿನ್ನ ಪ್ರಶ್ನೆಗೆ ನೇರ ಉತ್ತರ: ಇದರಿಂದ ಕಾಲೇಜು ತಪ್ಪುವುದಿಲ್ಲ. ಏಳನೇ, ಎಂಟನೇ ಕ್ಲಾಸಿನ ಮೆಡಲ್ ಕಾಲೇಜಿನವರು ಕೇಳುವುದಿಲ್ಲ. ಗೆದ್ದಿದ್ದನ್ನೇ ಕೇಳದವರು ಸೋತಿದ್ದನ್ನು ಎಲ್ಲಿ ಕೇಳುತ್ತಾರೆ? ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗಳ ಅರ್ಜಿಯೇ ಬೇರೆ, ಅಲ್ಲಿ ಇಪ್ಪತ್ತು ಚಟುವಟಿಕೆ ಬರೆಯಬಹುದು. ಅವರೂ ಕೇಳುವುದು ಹೈಸ್ಕೂಲಿನದನ್ನೇ. ಶಿಫಾರಸು ಪತ್ರಗಳೂ ಹೈಸ್ಕೂಲಿನ ಮೇಷ್ಟ್ರುಗಳವು, ಸಾಮಾನ್ಯವಾಗಿ ಹನ್ನೊಂದನೇ ಕ್ಲಾಸಿನಲ್ಲಿ ಪಾಠ ಮಾಡಿದವರದು. ಮರಿಯ ಈಗಿನ ಮ್ಯಾತ್ ಟೀಚರ್ ಎಷ್ಟೇ ಹೊಗಳಿದರೂ ಆ ಮಾತು ಅಲ್ಲಿಗೆ ಮುಟ್ಟುವುದಿಲ್ಲ.

ದೇಶಕ್ಕೇ ಮೊದಲು ಬಂದವರ ಮಾತು ಬೇರೆ. ಕ್ಯಾನ್ಸಸ್ ರಾಜ್ಯದ ಓಲೇಥದ ಕಾವ್ಯಾ ಶಿವಶಂಕರ್ 2009ರಲ್ಲಿ ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ, ಅಂದರೆ ಇಂಗ್ಲಿಷ್ ಪದಗಳ ಸ್ಪೆಲ್ಲಿಂಗ್ ಹೇಳುವ ರಾಷ್ಟ್ರೀಯ ಸ್ಪರ್ಧೆ, ಗೆದ್ದಳು. ತಂಗಿ ವನ್ಯಾ 2015ರಲ್ಲಿ ಇನ್ನೊಬ್ಬನ ಜೊತೆ ಜಂಟಿಯಾಗಿ ಗೆದ್ದಳು. ಅಂಥದ್ದನ್ನು ಪ್ರಬಂಧದಲ್ಲೋ ಹೆಚ್ಚಿನ ಮಾಹಿತಿಯ ಜಾಗದಲ್ಲೋ ಬರೆದರೆ ಓದುವವರು ಖಂಡಿತ ಹುಬ್ಬೇರಿಸುತ್ತಾರೆ. ಆದರೆ ಚಾಪ್ಟರ್ ಮಟ್ಟದಲ್ಲಿ ಬಂದ ಸ್ಥಾನವನ್ನು ಅಲ್ಲಿ ಹೋಗಿ ತುರುಕಿದರೆ, ಮದುವೆ ಆಲ್ಬಮ್ಮಿನಲ್ಲಿ ನಾಮಕರಣದ ಫೋಟೋ ಅಂಟಿಸಿದ ಹಾಗೆ ಇರುತ್ತದೆ.

ನಮ್ಮ ಕಡೆ ಮಾತ್ರ ಏನು ಬೇರೆಯಾಗಿತ್ತು ಹೇಳು? ನೀನು ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಯಲ್ಲಿ ಗೆದ್ದು ಸ್ಟೀಲ್ ಡಬ್ಬಿ ತಂದಿದ್ದೆ. ನಿಮ್ಮಮ್ಮ ಈಗಲೂ ಅದರಲ್ಲಿ ಮೆಂತ್ಯ ಹಾಕಿಡುತ್ತಾಳೆ. ಸಿಇಟಿ ಕೌನ್ಸೆಲಿಂಗಿನಲ್ಲಿ ಆ ಡಬ್ಬಿ ಯಾರಾದರೂ ಕೇಳಿದರಾ? ಪಿಯುಸಿ ಅಂಕ, ಸಿಇಟಿ ಅಂಕ, ಎರಡೂ ಸೇರಿಸಿ ಒಂದು ರ್‍ಯಾಂಕು. ಮುಗೀತು. ಆದರೆ ಇವತ್ತು ನಲವತ್ತು ಜನರ ಮೀಟಿಂಗಿನಲ್ಲಿ ನೀನು ಎದ್ದು ನಿಂತು ಮಾತಾಡುತ್ತೀಯಲ್ಲ, ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಾತಿನ ಮಧ್ಯೆ ಎಡಗೈ ಬೆನ್ನ ಹಿಂದೆ ಕಟ್ಟುವ ಅಭ್ಯಾಸವೂ ಅಲ್ಲಿಂದಲೇ ಬಂದಿದ್ದು.

ಇನ್ನು, ಮಿಡ್ಲ್ ಸ್ಕೂಲಿನದು ಯಾವುದೂ ಕಾಲೇಜಿನವರೆಗೆ ಹೋಗುವುದೇ ಇಲ್ಲ ಅಂದುಕೊಳ್ಳಬೇಡ. ಹೋಗುವುದು ಮೆಡಲ್ ಅಲ್ಲ, ಪಾಠ. ಇದನ್ನು ಸ್ವಲ್ಪ ಗಮನವಿಟ್ಟು ಓದು. ನಿಮ್ಮ ಟೆಕ್ಸಾಸಿನಲ್ಲಿ ಮರಿ ಮುಂದಿನ ವರ್ಷ, ಎಂಟನೇ ಕ್ಲಾಸಿನಲ್ಲಿ, ಅಲ್ಜೀಬ್ರಾ 1 ತಗೊಂಡರೆ ಅದು ಹೈಸ್ಕೂಲಿನ ಕ್ರೆಡಿಟ್. ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಹೈಸ್ಕೂಲಿನ ಅಂಕಪಟ್ಟಿಯಲ್ಲಿ, ಕೂರುತ್ತದೆ. ಕೆಲವು ಸ್ಕೂಲ್ ಡಿಸ್ಟ್ರಿಕ್ಟಿನವರು ಅದನ್ನು ಜಿಪಿಎಗೂ (ಗ್ರೇಡುಗಳ ಸರಾಸರಿ) ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ನಿಮ್ಮಲ್ಲಿ ಹೇಗೆ ಅಂತ ಶಾಲೆಯ ಕೌನ್ಸೆಲರನ್ನು ಈ ವಾರವೇ ಕೇಳು. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ಯೂನಿವರ್ಸಿಟಿಯವರು ಟೆಕ್ಸಾಸಿನ ಮಕ್ಕಳಿಗೆ ತಾನಾಗಿಯೇ ಸೀಟು ಕೊಡುವುದು ಕ್ಲಾಸ್ ರ್‍ಯಾಂಕ್, ಅಂದರೆ ಜಿಪಿಎ ಪ್ರಕಾರ ತಮ್ಮ ಹೈಸ್ಕೂಲಿನಲ್ಲಿ ಎಷ್ಟನೆಯವರು ಅನ್ನುವುದನ್ನು ನೋಡಿ. 1997ರ ಕಾನೂನು ಹೇಳಿದ್ದು ಮೊದಲ ಹತ್ತು ಪರ್ಸೆಂಟ್. ಅವರು ಅದನ್ನು ಆರಕ್ಕೆ ಇಳಿಸಿದ್ದರು, 2026ರಲ್ಲಿ ಸೇರುವವರಿಗೆ ಐದು ಮಾಡಿದ್ದಾರೆ. ಅಷ್ಟು ಬಿಗಿಯಾದ ಕಡೆ ಮೆಡಲ್ಲಿಗೆ ಇಲ್ಲದ ಬೆಲೆ ಎಂಟನೇ ಕ್ಲಾಸಿನ ಅಲ್ಜೀಬ್ರಾದ ಒಂದು ಗ್ರೇಡಿಗೆ ಇರಬಹುದು. ಕ್ಯಾಲಿಫೋರ್ನಿಯಾದವರೂ ಅಷ್ಟೇ. ಏಳು ಎಂಟನೇ ಕ್ಲಾಸಿನದು ಅಂತ ಅವರು ಕೇಳುವುದು ಎರಡೇ, ಗಣಿತದ ಪಾಠ ಮತ್ತು ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯ ಪಾಠ.

ಎಂಟರಲ್ಲಿ ಅಲ್ಜೀಬ್ರಾ 1 ಆದರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ತಾನಾಗಿ ಬರುತ್ತದೆ. ಏಳರಲ್ಲೇ ಆದರೆ ಹನ್ನೊಂದರಲ್ಲಿ. ಹಾಗಂತ ಓಡಿಸಬೇಡ. ಬುಡ ಗಟ್ಟಿಯಿಲ್ಲದೆ ಮುಂದೆ ಹೋಗಿ, ಹತ್ತನೇ ಕ್ಲಾಸಿನಲ್ಲಿ ಕುಸಿದು ಕೂತ ಮಕ್ಕಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಇನ್ನೊಂದು ವಿಷಯ. ಎಂಟನೇ ಕ್ಲಾಸಿನಲ್ಲಿ ಪ್ರವೇಶ ನಡೆಸುವ ವಿಶೇಷ ಹೈಸ್ಕೂಲಿಗೋ ಬೋರ್ಡಿಂಗ್ ಶಾಲೆಗೋ ಹಾಕುವುದಾದರೆ ಅಲ್ಲಿ ಮಿಡ್ಲ್ ಸ್ಕೂಲಿನದನ್ನು ನೋಡುತ್ತಾರೆ. ನಿನಗೆ ಆ ಯೋಚನೆ ಇದ್ದಂತಿಲ್ಲ, ಬಿಡು.

ಹಾಗಾದರೆ ಸ್ಪರ್ಧೆ ಯಾಕೆ, ಅನ್ನುತ್ತೀಯ. ನಾನು ಎಂಟು ವರ್ಷ ಇಲ್ಲಿ ವಾಲಂಟಿಯರ್ ಆಗಿ ಮ್ಯಾತ್‌ಕೌಂಟ್ಸ್ ಪೇಪರ್ ತಿದ್ದಿದ್ದೇನೆ. ಸ್ಪ್ರಿಂಟ್ ಸುತ್ತು ಗೊತ್ತಲ್ಲ, 40 ನಿಮಿಷಕ್ಕೆ 30 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಹಾಲಿನ ಹಿಂದೆ ನಿಂತು ನೋಡಬೇಕು. ಕೆಲವು ಮಕ್ಕಳು ಬಾಗಿಲ ಕಡೆ ನೋಡುತ್ತಿರುತ್ತಾರೆ, ಅಪ್ಪ ಅಮ್ಮ ಕಾಣುತ್ತಾರಾ ಅಂತ. ಇನ್ನು ಕೆಲವರು ಪೆನ್ಸಿಲ್ ಕಚ್ಚಿಕೊಂಡು ತಮ್ಮಷ್ಟಕ್ಕೆ ನಗುತ್ತಿರುತ್ತಾರೆ. ಎರಡನೇ ಗುಂಪಿನವರು ಹೈಸ್ಕೂಲಿಗೆ ಹೋದ ಮೇಲೂ ಕೈಬಿಡುವುದಿಲ್ಲ. ಎಎಂಸಿ 10 ಅನ್ನುವ ದೇಶಮಟ್ಟದ ಗಣಿತ ಪರೀಕ್ಷೆ ಬರೆಯುತ್ತಾರೆ, ಅದರಲ್ಲಿ ಮೇಲೆ ಬಂದವರು ಮುಂದಿನ ಹಂತವಾದ ಎಐಎಂಇಗೆ ಹೋಗುತ್ತಾರೆ, ಮೂರು ಗಂಟೆಗೆ ಹದಿನೈದೇ ಪ್ರಶ್ನೆ. ಒಂಬತ್ತನೇ ಕ್ಲಾಸಿನಲ್ಲಿ ಅಲ್ಲಿಗೆ ಮುಟ್ಟಿದರೆ ಅದನ್ನು ಅರ್ಜಿಯಲ್ಲಿ ಬರೆಯುವುದಕ್ಕೆ ಜಾಗ ಇದೆ. ಆ ಮಗು ಕಲಿತದ್ದು ಮಾತ್ರ ಏಳು ಎಂಟರಲ್ಲಿ. ಮೊದಲನೇ ಗುಂಪಿನವರು ಎಂಟನೇ ಕ್ಲಾಸ್ ಮುಗಿದ ದಿನವೇ ಪುಸ್ತಕ ಮುಚ್ಚುತ್ತಾರೆ. ನಮ್ಮ ದೊಡ್ಡವನು ಮುಚ್ಚಿದ. ಬಾಗಿಲ ಹತ್ತಿರ ನಿಂತಿದ್ದವನು ನಾನೇ, ಅದಕ್ಕೆ ಹೇಳುತ್ತಿದ್ದೇನೆ. ಆಮೇಲೆ ಹೈಸ್ಕೂಲಿನಲ್ಲಿ ಅವನು ತನಗೆ ಬೇಕಾದ್ದು ತಾನೇ ಹುಡುಕಿಕೊಂಡ, ನಾಟಕದ ಲೈಟಿಂಗ್. ಅರ್ಜಿಯ ಮೊದಲ ಸಾಲಿನಲ್ಲಿ ಅವನು ಬರೆದದ್ದು ಅದನ್ನೇ.

ಚಿಕ್ಕವಳ ಕಥೆ ಇನ್ನೂ ತಮಾಷೆ. ಅವಳದು ಸ್ಪೆಲ್ಲಿಂಗ್. ಎಂಟನೇ ಕ್ಲಾಸ್ ದಾಟಿದರೆ ಸ್ಕ್ರಿಪ್ಸ್‌ನಲ್ಲಿ ಅವಕಾಶ ಇಲ್ಲ, ಅವಳ ಎಂಟನೇ ಕ್ಲಾಸು ಬಂದದ್ದು 2020ರಲ್ಲಿ. ಕೊರೋನಾ ಬಂತು, ನಮ್ಮ ಕಡೆಯ ಸ್ಪರ್ಧೆಯೂ ನಿಂತಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಮೊದಲ ಸಲ ರಾಷ್ಟ್ರೀಯ ಸುತ್ತನ್ನೂ ರದ್ದು ಮಾಡಿದರು. ಮೂರು ದಿನ ರೂಮಿನ ಬಾಗಿಲು ಹಾಕಿಕೊಂಡು ಕೂತಳು. ನಾಲ್ಕನೇ ದಿನ ಅಡುಗೆಮನೆಗೆ ಬಂದು, "ಅಮ್ಮ, ಹಿಪಪಾಟಮಸ್ ಅಂದ್ರೆ ಗ್ರೀಕಲ್ಲಿ ನದಿ ಕುದುರೆ, ನಾವು ನೀರುಕುದುರೆ ಅಂತೀವಲ್ಲ!" ಅಂದಳಂತೆ. ನಿನ್ನ ಅತ್ತೆ ಸೌಟು ಹಿಡಿದುಕೊಂಡೇ ನಕ್ಕಳು. ಪದಗಳ ಬೇರು ಹುಡುಕುವ ಹುಚ್ಚು ಹೋಗಿರಲಿಲ್ಲ. ಹೈಸ್ಕೂಲಿನಲ್ಲಿ ಲ್ಯಾಟಿನ್ ತಗೊಂಡು ನಾಲ್ಕೂ ವರ್ಷ ಓದಿದಳು. ಅರ್ಜಿಗೆ ಹೋದದ್ದು ಆ ಲ್ಯಾಟಿನ್. ಸ್ಪೆಲ್ಲಿಂಗಿನ ಒಂದು ಕಪ್ಪೂ ಹೋಗಲಿಲ್ಲ.

ಕನ್ನಡ ಕೂಟದ ಯುಗಾದಿಗೆ ಹೋದಾಗ ಸ್ವಲ್ಪ ಹುಷಾರು. ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತಾಗ ಯಾರಾದರೂ "ನಿಮ್ಮವನು ಸ್ಟೇಟ್‌ಗೆ ಬಂದ್ನಾ?" ಅಂತ ಕೇಳಿಯೇ ಕೇಳುತ್ತಾರೆ. "ಇಲ್ಲ, ಬೂಂದಿ ಖಾಲಿಯಾಗ್ತಿದೆ, ಬೇಗ ಹಾಕ್ಕೊಳ್ಳಿ" ಅಂದು ಮುಂದೆ ಹೋಗು. ಮರಿ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರುತ್ತಾನೆ, ನಿನ್ನ ಮುಖ ನೋಡುತ್ತಾನೆ.

ಏಳನೇ ಕ್ಲಾಸಿನಿಂದಲೇ ಮಗುವಿನ ಪ್ರೊಫೈಲ್ ಕಟ್ಟಿಕೊಡುತ್ತೇವೆ ಅಂತ ದುಡ್ಡು ಕೇಳುವವರೂ ಸಿಗುತ್ತಾರೆ. ನಾನೂ ಒಬ್ಬರಿಗೆ ಕೊಟ್ಟೆ. ಚಂದದ ಫೈಲು ಮಾಡಿಕೊಟ್ಟರು, ಬಣ್ಣ ಬಣ್ಣದ ಚಾರ್ಟು ಬೇರೆ. ಅದೂ ಈಗ ಅದೇ ಗ್ಯಾರೇಜಿನ ಡಬ್ಬದಲ್ಲಿದೆ. ಎಷ್ಟು ಕೊಟ್ಟೆ ಅಂತ ನಿನ್ನ ಅತ್ತೆಯ ಮುಂದೆ ಮಾತ್ರ ಕೇಳಬೇಡ.

ಮುಂದಿನ ವರ್ಷ ಮತ್ತೆ ಬರೆಯಬೇಕಾ ಬೇಡವಾ ಅನ್ನುವುದನ್ನು ಅವನನ್ನೇ ಕೇಳು. ಈಗಲೇ ಬೇಡ, ಬೇಸಿಗೆ ರಜೆ ಶುರುವಾಗಲಿ. "ಬೇಡ" ಅಂದರೆ ಯಾಕೆ ಅಂತ ಒಂದೇ ಸಲ ಕೇಳಿ ಸುಮ್ಮನಾಗು. "ಬರೀತೀನಿ" ಅಂದರೆ ಹಳೇ ಪೇಪರುಗಳನ್ನು ನಾನು ಕಳಿಸುತ್ತೇನೆ. ಗಡಿಯಾರ ಇಟ್ಟುಕೊಂಡು ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ನಿನಗೂ ಬೇಡ, ಅಳಿಯಂದಿರಿಗೂ ಬೇಡ.

ನನಗೆ ಅವನ ಬಗ್ಗೆ ಏನೂ ಚಿಂತೆ ಇಲ್ಲ. ಯಾಕೆ ಅಂದರೆ ಡಿಸೆಂಬರಿನಲ್ಲಿ ಫೋನ್ ಮಾಡಿದಾಗ ಸುಮ್ನೆ ಒಂದು ಲೆಕ್ಕ ಕೊಟ್ಟಿದ್ದೆ. ಒಂದರಿಂದ ನೂರರವರೆಗೆ 2, 3, 5 ಯಾವುದರಿಂದಲೂ ಭಾಗವಾಗದ ಸಂಖ್ಯೆ ಎಷ್ಟು? ನಾನು ಕಲಿಸಿಕೊಂಡು ಬಂದದ್ದು ಕೂಡು, ಕಳೆ, ಮತ್ತೆ ಕೂಡು ಅನ್ನುವ ಉದ್ದ ದಾರಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಜ್ಜ, ಮೂವತ್ತಕ್ಕೆ ಒಂದ್ಸಲ ಅದೇ ತಿರುಗಿ ಬರುತ್ತೆ ಅಲ್ವಾ?" ಅಂದ. ಮೊದಲ ಮೂವತ್ತರಲ್ಲಿ ಎಂಟು ಉಳಿಯುತ್ತವೆ. 1, 7, 11, 13, 17, 19, 23, 29. ತೊಂಬತ್ತಕ್ಕೆ ಇಪ್ಪತ್ತನಾಲ್ಕು. ಮಿಕ್ಕ ಹತ್ತರಲ್ಲಿ 91, 97. ಒಟ್ಟು 26. ಕಾಗದ ಪೆನ್ಸಿಲ್ ಮುಟ್ಟಿರಲಿಲ್ಲ. ನಾನು ಇಷ್ಟು ವರ್ಷ ಆ ಲೆಕ್ಕ ಹೇಳಿಕೊಟ್ಟಿದ್ದೇನೆ, ಆ ದಾರಿ ನನಗೆ ಹೊಳೆದಿರಲಿಲ್ಲ. ಫೋನ್ ಇಟ್ಟ ಮೇಲೆ ನಿನ್ನ ಅತ್ತೆಗೆ ಎರಡು ಸಲ ಹೇಳಿದೆ. ಅವಳು "ಚಪಾತಿ ಆರ್ತಿದೆ, ಬನ್ನಿ" ಅಂದಳು.

ಈಗ ಅವನಿಗೆ ಇಷ್ಟು ಹೇಳು. ಆ ಲೆಕ್ಕಕ್ಕೆ 7ನ್ನೂ ಸೇರಿಸಿದರೆ ನೂರರೊಳಗೆ ಎಷ್ಟು ಉಳಿಯುತ್ತವೆ? ಎಣಿಸಿ ಆದ ಮೇಲೆ, ಉಳಿದವನ್ನೆಲ್ಲ ಒಂದು ಸಾಲಾಗಿ ಬರೆದು, ಮೊದಲಿನ 1 ಬಿಟ್ಟು ಮಿಕ್ಕವನ್ನು ಸರಿಯಾಗಿ ನೋಡಲಿ. ಏನು ಕಾಣಿಸಿತು ಅಂತ ಭಾನುವಾರ ಫೋನ್ ಮಾಡಿದಾಗ ನನಗೆ ಹೇಳಲಿ. ನೀನು ಹೇಳಿಕೊಡಬೇಡ.

ಅಳಿಯಂದಿರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ