ರೋಮ್‌ನ ನೆಲದಡಿಯ ಮಿತ್ರ

ರೋಮ್, ಭಾನುವಾರ

ಅಪ್ಪನಿಗೆ ನಮಸ್ಕಾರ.

ಅಮ್ಮ ಕಳಿಸಿದ ಚಟ್ನಿಪುಡಿ ಬಂತು, ಅರ್ಧ ಖಾಲಿಯೂ ಆಯ್ತು.

ನಿನ್ನೆ ಸಾನ್ ಕ್ಲೆಮೆಂಟೆ ಚರ್ಚಿಗೆ ಹೋಗಿದ್ದೆ. ಮೇಲಿರೋದು 12ನೇ ಶತಮಾನದ್ದು. ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚು. ಇನ್ನೂ ಇಳಿದರೆ ಹಳೇ ರೋಮನ್ನರು ಪೂಜಿಸುತ್ತಿದ್ದ ಮಿತ್ರಾಸ್ ದೇವರ ಗುಡಿ. ತಗ್ಗು ಚಾವಣಿ, ಎರಡೂ ಕಡೆ ಕಲ್ಲಿನ ಜಗಲಿ, ಎಲ್ಲೋ ನೀರು ಹರಿಯೋ ಸದ್ದು. ಭಕ್ತರು ಆ ಜಗಲಿ ಮೇಲೆ ಒರಗಿಕೊಂಡೇ ಊಟ ಮಾಡುತ್ತಿದ್ದರಂತೆ. ನಡುವಿನ ಬಲಿಪೀಠದಲ್ಲಿ ಮಿತ್ರಾಸ್ ಹೋರಿಗೆ ಕತ್ತಿ ಇರಿಯುತ್ತಿರುವ ಕೆತ್ತನೆ. ಅಜ್ಜಿಗೆ ಇದನ್ನು ಓದಿ ಹೇಳಬೇಡಿ.

ನೀವು ಬೆಳಿಗ್ಗೆ ಸಂಧ್ಯಾವಂದನೆಯಲ್ಲಿ 'ಮಿತ್ರಸ್ಯ' ಅಂತೀರಲ್ಲ, ಈ ಹೆಸರು ಅದರ ನಂಟೇ. ಇರಾನಿನ ಕಡೆಯಿಂದ ಬಂದದ್ದು. ಪೂಜೆ ಮಾತ್ರ ಪೂರ್ತಿ ಬೇರೆ.

ಈ ಮಿತ್ರಾಸ್ ಭಕ್ತರು ತಮ್ಮ ಬಗ್ಗೆ ಒಂದು ಪುಸ್ತಕವನ್ನೂ ಉಳಿಸಿಲ್ಲ. ಅವರ ಊಟದ ಬಗ್ಗೆ ಬರೆದಿಟ್ಟವರು ಕ್ರೈಸ್ತರು. ದಾಯಾದಿ ಬಾಯಲ್ಲಿ ನಮ್ಮನೆ ಸುದ್ದಿ ಕೇಳಿದ ಹಾಗೆ! ಸುಮಾರು ಕ್ರಿ.ಶ. 150ರಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತ ಲೇಖಕ ಬರೆದ: ಮಿತ್ರಾಸ್ ಭಕ್ತರೂ ರೊಟ್ಟಿ, ನೀರಿನ ಬಟ್ಟಲು ಇಟ್ಟು ಮಂತ್ರ ಹೇಳುತ್ತಾರೆ, ದೆವ್ವಗಳು ನಮ್ಮ ಪ್ರಸಾದವನ್ನು ನಕಲು ಮಾಡಿವೆ ಅಂತ. ಬೈಯೋ ಭರದಲ್ಲೇ ನಮಗೆ ಅವರ ತಟ್ಟೆ ತೋರಿಸಿಬಿಟ್ಟ, ಅಲ್ವಾ?

ಐವತ್ತು ವರ್ಷದ ನಂತರ ಟೆರ್ಟುಲಿಯನ್ ಅನ್ನೋ ಇನ್ನೊಬ್ಬ ಕ್ರೈಸ್ತ ಲೇಖಕ ಅದೇ ಮಾತು ಎತ್ತಿದ. ಅದೂ ಸ್ವಂತ ಮತದೊಳಗಿನ ಭಿನ್ನಮತೀಯರನ್ನು ಬೈಯೋ ಪುಸ್ತಕದಲ್ಲಿ. ಇವರಿಗೂ ಮಿತ್ರಾಸ್ ಭಕ್ತರಿಗೂ ಗುರು ಒಬ್ಬನೇ, ಸೈತಾನ ಅಂದ. ಮುಂದೆ ಅವನೇ ಮೊಂಟಾನಸ್ ಅನ್ನೋನು ಕಟ್ಟಿದ ಕ್ರೈಸ್ತ ಪಂಥ ಸೇರಿಕೊಂಡ. ಚರ್ಚಿನ ಲೆಕ್ಕದಲ್ಲಿ ಅದೂ ಭಿನ್ನಮತವೇ!

ಆಗ ರೋಮನ್ನರು ಕ್ರೈಸ್ತರ ಮೇಲೂ ಸುದ್ದಿ ಹಬ್ಬಿಸಿದ್ದರು. ಮಗುವನ್ನು ಹಿಟ್ಟಿನಲ್ಲಿ ಮುಚ್ಚಿ ಕೊಂದು ತಿನ್ನುತ್ತಾರೆ ಅಂತ. ಬೇಜಾರಾಗೋದು ಇಲ್ಲೇ ಅಪ್ಪ. ಆ ಸುಳ್ಳಿಗೆ ನೊಂದವರೇ ಆಮೇಲೆ ಅಂಥದ್ದೇ ಕಥೆಯನ್ನು ಬೇರೆಯವರಿಗೆ ಅಂಟಿಸಿದರು. 4ನೇ ಶತಮಾನದ ಬಿಷಪ್ ಎಪಿಫೇನಿಯಸ್ 80 ಪಂಥಗಳ ಪಟ್ಟಿ ಮಾಡಿ, ಅವನ್ನು ಹಾವು-ಚೇಳಿಗೆ ಹೋಲಿಸಿ, ಪುಸ್ತಕಕ್ಕೆ 'ಔಷಧಿ ಪೆಟ್ಟಿಗೆ' ಅಂತ ಹೆಸರಿಟ್ಟ. ಅದರಲ್ಲೂ ಮಗು ತಿನ್ನೋ ಕಥೆ ಇದೆ.

ಭಿನ್ನಮತೀಯರ ಮಾತು ಸ್ವಲ್ಪವಾದರೂ ಸಿಕ್ಕಿತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ, ಮಣ್ಣಲ್ಲಿ ಹೂತಿದ್ದ ಅವರ ಹಸ್ತಪ್ರತಿಗಳು ಸಿಕ್ಕವು. ಮಿತ್ರಾಸ್ ಭಕ್ತರಿಗೆ ಆ ಅದೃಷ್ಟ ಇಲ್ಲ. ಕಲ್ಲಿನ ಜಗಲಿ, ಕೆತ್ತನೆ, ಅಲ್ಲಲ್ಲಿ ನಾಲ್ಕು ಅಕ್ಷರ, ಅಷ್ಟೇ.

ಬರೋ ವರ್ಷ ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ. ಮೆಟ್ಟಿಲು ಜಾಸ್ತಿ, ಮೊಣಕಾಲಿನ ಪಟ್ಟಿ ಮರೀದೆ ತನ್ನಿ.

ನಿಮ್ಮ ಮಗಳು