ಗೆಳೆಯನಿಗೊಂದು ಪತ್ರ: ದಪ್ಪ ತಂತಿಯ ವಿಚಾರ

ಲೋ ದೊರೆ,

ನಿನ್ನ ಮೆಸೇಜಿಗೆ ಮೆಸೇಜಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಬೇಸ್ ಗಿಟಾರಿನ ಬಗ್ಗೆ ನೀನು ಕೇಳಿದ್ದನ್ನೇ ಇನ್ನೂ ಹತ್ತು ಜನ ಕೇಳ್ತಿರ್ತಾರೆ, ಅದಕ್ಕೇ ಎಲ್ಲರೆದುರು ಬರೀತಿದ್ದೀನಿ. ಉಳಿದವರೂ ಓದಿಕೊಳ್ಳಿ, ಅಭ್ಯಂತರವಿಲ್ಲ. ಜನರೇಟರ್ ಪ್ರಸಂಗ ಮಾತ್ರ ಯಾರೂ ಕೇಳಬೇಡಿ, ಇವನ ಹೆಂಡತಿಗೇ ಇನ್ನೂ ಪೂರ್ತಿ ಗೊತ್ತಿಲ್ಲ.

ಸೆಕೆಂಡ್‌ಹ್ಯಾಂಡ್ ಬೇಸ್ ತಗೊಂಡೆ, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜಾಮರ್ಸನ್ ಥರ ಸದ್ದು ಬೇಕು ಅಂದೆ. ಆಸೆ ಒಳ್ಳೇದೇ. ಹಾಗಿದ್ರೆ ಮೊದಲು ಈಗಿರೋ ತಂತಿ ಬಿಚ್ಚು. ಅದು ರೌಂಡ್‌ವೂಂಡ್: ಹೊರಗೆ ಸುತ್ತಿರೋದು ದುಂಡನೆಯ ತಂತಿ, ಬೆರಳು ಜಾರಿದರೆ ಕಿರುಗುಟ್ಟುತ್ತೆ, ಹೊಸದಾಗಿದ್ದಾಗ ಪಿಯಾನೋ ಥರ ಝಣಝಣ. ಜಾಮರ್ಸನ್ 1962ರ ಫೆಂಡರ್ ಪ್ರಿಸಿಷನ್ ಬೇಸಿಗೆ ಹಾಕಿದ್ದು ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್. ಅದರ ಹೊರಸುತ್ತು ಚಪ್ಪಟೆ ಪಟ್ಟಿ. ದಪ್ಪ ಇಂಚಿನ ಲೆಕ್ಕದಲ್ಲಿ 0.052, 0.073, 0.095, 0.110. ನಿನ್ನ ಬೇಸಿನಲ್ಲಿರೋದು ಬಹುಶಃ 0.045ರಿಂದ 0.105ರ ಸೆಟ್. ಈ ವ್ಯತ್ಯಾಸದಿಂದಲೇ ಎಲ್ಲ ತಲೆನೋವು ಶುರು.

0.105ಕ್ಕೆ ಕೊರೆದ ನಟ್‌ನ (ನೆಕ್ಕಿನ, ಅಂದ್ರೆ ಬೇಸಿನ ಕತ್ತಿನ, ತುದಿಯಲ್ಲಿ ತಂತಿ ಕೂರೋ ಪಟ್ಟಿ) ಸೀಳಿನೊಳಗೆ 0.110 ಪೂರ್ತಿ ಕೂರಲ್ಲ, ಮೇಲೆ ಸಿಕ್ಕಿಕೊಂಡು ನಿಲ್ಲುತ್ತೆ. ಆಗ ಮೊದಲ ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಗೆರೆ) ಒತ್ತಿದರೆ ಸ್ವರ ಏರುತ್ತೆ. ಎಲ್ಲ ಸರಿಯಾಗಿ ಟ್ಯೂನ್ ಮಾಡಿದ್ರೂ ಅಲ್ಲಿನ ಎಫ್ ಸ್ವರ ಯಾಕೆ ಅಪಸ್ವರ ಅಂತ ಜನ ತಲೆ ಕೆಡಿಸಿಕೊಳ್ಳೋದು ಇದಕ್ಕೇ. ನಟ್ ಫೈಲ್ ಇಲ್ಲದಿದ್ರೆ ನೀನು ಕೈ ಹಾಕಬೇಡ, ಗಿಟಾರ್ ರಿಪೇರಿಯವರಿಗೆ ಕೊಡು. ಒಂದು ಕೂದಲೆಳೆ ಹೆಚ್ಚು ಉಜ್ಜಿದ್ರೂ ಹೊಸ ನಟ್ಟೇ ಗತಿ. ತಂತಿಗಳನ್ನ ಒಂದೊಂದಾಗಿ ಬದಲಾಯಿಸು, ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡ. ಫ್ಲಾಟ್‌ವೂಂಡನ್ನ ನೇರವಾಗಿ ಕತ್ತರಿಸಿದ್ರೆ ಹೊರಪಟ್ಟಿ ಬಿಚ್ಚಿಕೊಳ್ಳೋ ಭಯ. ಪೋಸ್ಟ್ (ತಂತಿ ಸುತ್ತೋ ಗೂಟ) ದಾಟಿ ಸುಮಾರು 12 ಸೆಂಟಿಮೀಟರ್ ಬಿಟ್ಟು, ಮೊದಲು ಚೂಪಾಗಿ ಮಡಚಿ, ಆ ಮಡಿಕೆಯ ಆಚೆ ಕತ್ತರಿಸು.

ದಪ್ಪ ತಂತಿ ನೆಕ್ಕನ್ನ ಜಾಸ್ತಿ ಎಳೆಯುತ್ತೆ. ಟ್ಯೂನ್ ಮಾಡಿ ಒಂದು ರಾತ್ರಿ ಹಾಗೇ ಬಿಡು, ಆಮೇಲೆ ಅಳೆ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕು, ನೆಕ್ ಬಾಡಿಗೆ ಸೇರೋ ಜಾಗದ ಫ್ರೆಟ್ ಒತ್ತಿ ಹಿಡಿ, ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿದೆ ನೋಡು. 0.3 ಮಿಲಿಮೀಟರ್ ಇದ್ರೆ ಸಾಕು, ಒಂದು ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ತೂರುವಷ್ಟು. ಹೆಚ್ಚಿದ್ರೆ ಟ್ರಸ್ ರಾಡನ್ನ (ನೆಕ್ಕಿನೊಳಗಿನ ಲೋಹದ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಅಷ್ಟೇ. ತಿರುಗಿಸೋ ಮುಂಚೆ ತಂತಿ ಸ್ವಲ್ಪ ಸಡಿಲಿಸು. ಮತ್ತೆ ಟ್ಯೂನ್ ಮಾಡಿ ಅಳೆ. ರಾಡ್ ತಿರುಗಲ್ಲ ಅಂದ್ರೆ ಬಲ ಹಾಕಬೇಡ. ನಿನ್ನ ಬಲ ನನಗೆ ಗೊತ್ತು, ಆ ಬಾಗಿಲಿಗೂ ಗೊತ್ತು. ನೆಕ್ ಸರಿಯಾದಮೇಲಷ್ಟೇ ಸ್ಯಾಡಲ್ (ಬಾಡಿಯ ಮೇಲಿನ ಬ್ರಿಡ್ಜಿನಲ್ಲಿ ತಂತಿ ಕೂರೋ ತುಂಡು) ಎತ್ತರಕ್ಕೆ ಬಾ: ಹದಿನೇಳನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2.4 ಮಿಲಿಮೀಟರ್, ಸಣ್ಣದಕ್ಕೆ 2. ಕೊನೆಗೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿ ಒತ್ತದೆ ಬರೀ ತಾಗಿಸಿ ನುಡಿಸೋ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸು. ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಈ ಕ್ರಮ ತಪ್ಪಿಸಿದ್ರೆ ಎಲ್ಲ ಮೊದಲಿಂದ. ಮಳೆಗಾಲ ಬಂದಾಗ ನೆಕ್ಕು ಮತ್ತೆ ಅಲುಗುತ್ತೆ, ಯಾವ ಕಡೆಗೆ ಅನ್ನೋದು ಮರದ ಮರ್ಜಿ.

ಆಮೇಲೆ ಸ್ಪಂಜು. ಆ ಕಾಲದ ಫೆಂಡರ್‌ಗಳಲ್ಲಿ ಬ್ರಿಡ್ಜಿನ ಕ್ರೋಮ್ ಮುಚ್ಚಳದೊಳಗೆ ಫೋಮ್ ಇರ್ತಿತ್ತು. ಅದು ತಂತಿಗೆ ತಾಗಿ ಸ್ವರದ ಬಾಲ ಕತ್ತರಿಸುತ್ತೆ, ಮುಂಭಾಗ ಮಾತ್ರ ಗುಂಡಗೆ 'ಢುಂ' ಅಂತ ಕೇಳುತ್ತೆ. ನಿನ್ನದರಲ್ಲಿ ಮುಚ್ಚಳ ಇಲ್ಲ, ಹಾಗಾಗಿ ಒಂದು ಇಂಚು ಅಗಲದ ಮೆತ್ತನೆ ಸ್ಪಂಜನ್ನ ಬ್ರಿಡ್ಜಿಗೆ ಅಂಟಿದಂತೆ ತಂತಿಗಳ ಕೆಳಗೆ ತುರುಕು. ಸುಮ್ಮನೆ ತಾಗಬೇಕು, ತಂತಿಯನ್ನ ಮೇಲಕ್ಕೆ ತಳ್ಳಿದ್ರೆ ಸ್ವರ ಏರುತ್ತೆ. ಟೋನ್ ನಾಬ್ ಪೂರ್ತಿ ಮುಚ್ಚಬೇಡ, ಅರ್ಧಕ್ಕಿಂತ ಸ್ವಲ್ಪ ಕೆಳಗೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಜಾಮರ್ಸನ್ ಸದ್ದು ಬರಲ್ಲ, ಈಗಲೇ ಹೇಳಿಬಿಡ್ತೀನಿ. ಆತ ಮೊದಲು ನಿಂತು ನುಡಿಸೋ ದೊಡ್ಡ ಡಬಲ್ ಬೇಸಿನವನು. ಆ ಅಭ್ಯಾಸದಿಂದ ಬಲಗೈಯ ತೋರುಬೆರಳು ಒಂದೇ ಮೀಟುತ್ತಿತ್ತು, ಅದಕ್ಕೆ 'ಹುಕ್' ಅಂತಲೇ ಹೆಸರು ಬಿತ್ತು. ಉಳಿದ ಬೆರಳು ಪಿಕಪ್ಪಿನ (ತಂತಿಯ ಕಂಪನ ಹಿಡಿಯೋ ಭಾಗ) ಮುಚ್ಚಳದ ಮೇಲೆ ಸುಮ್ಮನೆ ಕೂತಿರ್ತಿದ್ವು. ಖಾಲಿ ತಂತಿಗಳನ್ನ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋ ದಾಟುಸ್ವರವಾಗಿ ಬಳಸೋದೂ ಅಲ್ಲಿಂದಲೇ ಬಂದಿದ್ದು. ತಂತಿ ಬದಲಾಯಿಸ್ತಾನೇ ಇರಲಿಲ್ಲ, ತುಂಡಾದ್ರೆ ಮಾತ್ರ. ನಾವು ತಿಂಗಳಿಗೊಂದು ಸೆಟ್ ಕೊಂಡು ಅಂಗಡಿಯವನ ಮಗನ ಫೀಸ್ ಕಟ್ತಾ ಇದ್ದೀವಿ. ಡೆಟ್ರಾಯ್ಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ 2648ನೇ ನಂಬರಿನ ಮನೆಯಲ್ಲಿತ್ತು ಮೋಟೌನ್ ಸ್ಟುಡಿಯೊ. ಅಲ್ಲಿ ಬೇಸನ್ನ ಬಹುಪಾಲು ನೇರ ಮಿಕ್ಸರಿಗೇ ಚುಚ್ಚಿ ರೆಕಾರ್ಡ್ ಮಾಡ್ತಿದ್ರು. ಆಂಪೆಗ್ ಬಿ-15 ಆಂಪ್ ಕ್ಲಬ್ಬುಗಳಿಗೆ.

ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಇದರ ಪೂರ್ತಿ ಉಲ್ಟಾ: ಫೆಂಡರಿನದೇ ಜಾಜ್ ಬೇಸಿನ ಫ್ರೆಟ್ ಕಿತ್ತು, ರೌಂಡ್‌ವೂಂಡ್ ಹಾಕಿ, ತಂತಿ ಮರವನ್ನ ತಿಂದುಹಾಕಬಾರದು ಅಂತ ಫಿಂಗರ್‌ಬೋರ್ಡಿಗೆ ಎಪಾಕ್ಸಿ ಬಳಿದು, ಬ್ರಿಡ್ಜ್ ಕಡೆಯ ಪಿಕಪ್ಪಿನಲ್ಲಿ ಹಾಡಿಸಿದ. ನಿನಗೆ ಅವನ ಹುಚ್ಚು ಹಿಡಿಯೋ ಮುಂಚೆ ಆ ಪ್ಲೈಯರ್ ಎಲ್ಲಾದ್ರೂ ಬಚ್ಚಿಡು.

ಈಗ ನಿನ್ನ ಕೊನೆ ಪ್ರಶ್ನೆ: "ಮಿಕ್ಸ್‌ನಲ್ಲಿ ಬೇಸ್ ಚೆನ್ನಾಗೇ ಇದೆ, ಫೋನಿನಲ್ಲಿ ಹಾಕಿದ್ರೆ ಮಾಯ." ಇದಕ್ಕೆ ಉತ್ತರ ಗೊತ್ತು. ಅದನ್ನ ಹೇಳೋಕೆ ಹೊರಟರೆ ಮಾತ್ರ ಒಂಥರಾ ಆಗುತ್ತೆ.

ದಪ್ಪ ಇ ತಂತಿಯ ಮೂಲಸ್ವರ 41.2 ಹರ್ಟ್ಸ್. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ನಿನ್ನ ರೂಮಿಗಿಂತ ದೊಡ್ಡದು. ಫೋನಿನ ಚೋಟು ಸ್ಪೀಕರ್ ಅದನ್ನ ಹೊರಡಿಸೋ ಮಾತೇ ಇಲ್ಲ. ಹೊರಡೋದು ಮೇಲಿನ ಪಾಲುಸ್ವರಗಳು (ಮೂಲಸ್ವರದ ಪಟ್ಟುಗಳು), 206, 247, ಹೀಗೆ ಮೇಲಕ್ಕೆ. ಆ ಅಂತರ ನೋಡಿ ಮಿದುಳು ತಾನೇ 41ನ್ನ ಊಹಿಸಿಕೊಳ್ಳುತ್ತೆ. ಅಂದ್ರೆ ಫೋನಿನಲ್ಲಿ ಯಾರಾದ್ರೂ "ಬೇಸ್ ಸಖತ್ತಾಗಿದೆ" ಅಂದ್ರೆ, ಅವರು ಕೇಳಿಸಿಕೊಂಡ ಆ ಸ್ವರ ಗಾಳಿಯಲ್ಲಿ ಇರಲೇ ಇಲ್ಲ.

ಮಾಡಬೇಕಾದ್ದು ಇಷ್ಟು. ಬೇಸ್ ಟ್ರ್ಯಾಕಿನ ಒಂದು ಕಾಪಿ ಮಾಡು, ಅದರಲ್ಲಿ 250 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸು, ಉಳಿದದ್ದಕ್ಕೆ ಡಿಸ್ಟಾರ್ಷನ್ ಹಾಕು, ಮೂಲ ಟ್ರ್ಯಾಕಿನ ಕೆಳಗೆ ಮೆಲ್ಲಗೆ ಬೆರೆಸು. ಒಂಟಿಯಾಗಿ ಕೇಳಿದ್ರೆ ಅಸಹ್ಯ, ಹಾಡಿನಲ್ಲಿ ಗೊತ್ತಾಗಬಾರದು. ಮೂಲ ಟ್ರ್ಯಾಕಿಗೆ ನಾಲ್ಕಕ್ಕೆ ಒಂದರ ಕಂಪ್ರೆಷನ್ (ಜೋರು ಸದ್ದನ್ನ ತಗ್ಗಿಸೋದು), ಅದರ ಅಟ್ಯಾಕ್ (ಹಿಡಿಯೋ ವೇಗ) ನಿಧಾನ, ಇಲ್ಲದಿದ್ರೆ ಬೆರಳಿನ ಮೊದಲ ತಟ್ಟೇ ಸತ್ತುಹೋಗುತ್ತೆ. ಮೀಟೋ ಕೈಯನ್ನ ಬ್ರಿಡ್ಜ್ ಕಡೆ ಸ್ವಲ್ಪ ಸರಿಸು. ಕೆಲವು ಸಾಲು ಒಂದು ಸ್ಥಾಯಿ ಮೇಲೆ ನುಡಿಸು.

ಈ ಕೊನೆಯ ಎರಡನ್ನ ನಾನು ಈಗ ಸ್ಟೇಜಿನ ಮೇಲೂ ಮಾಡ್ತಿದ್ದೀನಿ ಕಣೋ. ಅಲ್ಲಿ ಹದಿನೆಂಟು ಇಂಚಿನ ಸ್ಪೀಕರ್ ಇರುತ್ತೆ, 41 ಹರ್ಟ್ಸ್ ಎದೆಗೇ ಬಂದು ತಟ್ಟುತ್ತೆ, ಆದ್ರೂ ಕೈ ತಾನಾಗೇ ಬ್ರಿಡ್ಜ್ ಕಡೆ ಹೋಗುತ್ತೆ. ಯಾಕೆ ಅಂದ್ರೆ ಯಾರೋ ಫೋನ್ ಎತ್ತಿ ಹಿಡಿದಿರ್ತಾರೆ. ಆ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ನಾನು ಕೇಳಿಸಬೇಕು. ನಾನು ಬೇಸ್ ಹಿಡಿದಿದ್ದೇ ಯಾರಿಗೂ ಕೇಳಿಸಬಾರದು ಅಂತ, ನಿನಗಾದ್ರೂ ಹೇಳಬಹುದಲ್ಲ. ಡ್ರಮ್ಮರ್ ಪಕ್ಕ, ಲೈಟು ಬೀಳದ ಜಾಗ. ಸರಿಯಾಗಿ ನುಡಿಸಿದ್ರೆ ಯಾರೂ ಹೊಗಳಲ್ಲ, ತಪ್ಪಿದ್ರೆ "ಏನೋ ಸರಿ ಇಲ್ಲ" ಅಂತ ಗಾಯಕನ ಮುಖ ನೋಡ್ತಾರೆ. ಎಷ್ಟು ಆರಾಮ! ಈಗ ಆ ಆರಾಮ ಹೋಗಿದೆ. ನಿಜವಾದ ಭಯ ಅದೂ ಅಲ್ಲ. ಬೇಸ್ ಮ್ಯೂಟ್ ಮಾಡಿ ಫೋನಿನಲ್ಲಿ ಕೇಳಿದ್ರೆ ಎಷ್ಟೋ ಹಾಡುಗಳು ಆರಾಮಾಗಿ ನಡೆದುಕೊಂಡು ಹೋಗ್ತವೆ. ನಾನಿಲ್ಲದೆ. ಬ್ಯಾಂಡಿನವರು ಒಳ್ಳೆಯವರು, ಆ ಪ್ರಯೋಗ ಮಾಡಿ ನೋಡಿಲ್ಲ, ಅಷ್ಟೆ.

ಮೋಟೌನ್‌ನವರೂ ಮಿಕ್ಸನ್ನ ಕಾರ್ ರೇಡಿಯೊದಂಥ ಸಣ್ಣ ಸ್ಪೀಕರಿನಲ್ಲಿ ಕೇಳಿ ನೋಡ್ತಿದ್ರು ಅನ್ನೋದು ಒಂದು ಸಮಾಧಾನ. ಜಾಮರ್ಸನ್ ಆ ಸ್ಪೀಕರಿನಲ್ಲೂ ಕೇಳಿಸಿದ. ಕೈ ಸರಿಸಿ ಅಲ್ಲ, ಸಾಲು ಕಟ್ಟಿದ ರೀತಿಯಿಂದ. ನಮ್ಮ ಕಡೆ 1983ರ 'ಪಲ್ಲವಿ ಅನುಪಲ್ಲವಿ' ಹಾಕಿ ಕೇಳು. ಇಳಯರಾಜಾ ಬೇಸಿಗೆ ತನ್ನದೇ ರಾಗ ಕೊಡ್ತಾರೆ, ಟೇಪ್‌ರೆಕಾರ್ಡರಿನಲ್ಲೂ ಅದು ತಪ್ಪಿಸಿಕೊಳ್ಳಲ್ಲ. ಆದ್ರೆ ಸ್ವರ ಕೇಳಿಸಿದ ಮಾತ್ರಕ್ಕೆ ಹೆಸರು ಕೇಳಿಸಲ್ಲ. 1959ರಿಂದ ಮೋಟೌನ್‌ನಲ್ಲಿ ನುಡಿಸಿದವನ ಹೆಸರು ಅಲ್ಲಿಯ ಒಂದು ದೊಡ್ಡ ಆಲ್ಬಮ್ಮಿನ ಹೊದಿಕೆ ಮೇಲೆ ಅಚ್ಚಾಗೋಕೆ 1971 ಬರಬೇಕಾಯ್ತು, ಗಾಯಕ ಮಾರ್ವಿನ್ ಗೇ ಹಾಕಿಸಿದ. 1983ರಲ್ಲಿ, ಆತ ಸಾಯೋ ಸ್ವಲ್ಪ ಮುಂಚೆ, ಆ ಬೇಸೂ ಕಳುವಾಯ್ತು.

ಸಾಕು, ಇದೆಲ್ಲ ಬರೀಬೇಕು ಅಂತ ಕೂತವನಲ್ಲ. ಮಾತ್ರೆ ತಗೊಳೋ ಹೊತ್ತು ಅಂತ ಮನೆಯವರು ಕೂಗ್ತಿದ್ದಾರೆ. ಬಿ12 ಮಾತ್ರೆ, ಗಾಬರಿ ಬೇಡ. ಓದ್ತಿರೋ ಉಳಿದವರು ಹೃದಯದ ಚಿತ್ರ ಕಳಿಸಬೇಡಿ.

ಒಂದು ಮುಖ್ಯ ವಿಷಯ ಬಿಟ್ಟೆ. ಹಳ್ಳಿ ಜಾತ್ರೆಯ ಸ್ಟೇಜಿಗೆ ಹೋದಾಗ ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಮೊದಲು ಎಲೆಕ್ಟ್ರಿಷಿಯನ್ ಕೈಲಿ ಟೆಸ್ಟ್ ಮಾಡಿಸು. ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿ ಟೆಸ್ಟ್ ಮಾಡೋ ಪದ್ಧತಿ ನೀನು ಬಿಡು. ಮತ್ತೆ ಸ್ಪಂಜು ಅಂಗಡಿಯಿಂದ ತಗೋ. ಅತ್ತಿಗೆಯ ಪಾತ್ರೆ ತೊಳೆಯೋದನ್ನ ಕದ್ದರೆ ಹಸಿರು ಕಡೆ ತಂತಿಗೆ ತಾಗಿ ಕರಕರ ಅನ್ನುತ್ತೆ, ಮನೆಯಲ್ಲಿ ಅದಕ್ಕಿಂತ ಜಾಸ್ತಿ ಅನ್ನುತ್ತೆ.

ನಿನ್ನ,
ಚಕ್ಕುಲಿ